‘ಒಸಿ’ ಯಾರಪ್ಪನ ಸೊತ್ತು?

ಮೊನ್ನೆ ರಾಮನಗರದ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿದ್ದೆ. ಬಡಿಸುವವನು ಚಟ್ನಿ ಬಕೆಟ್ಟು ಹಿಡಿದುಕೊಂಡು ಬಂದು, “ಇನ್ನೊಸಿ ಹಾಕ್ಲಾ ಸಾರ್?” ಅಂದ. ನನಗೆ ಮೈಯೆಲ್ಲ ಉರಿದು ಹೋಯಿತು. “ಹಾಕಪ್ಪ, ಆ ಮಾತಾಡೋಕೆ ಯಾರ ಪರ್ಮಿಷನ್ನೂ ಬೇಕಾಗಿಲ್ಲ ಈಗ” ಅಂದೆ. ಅವನು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಈ ಗಿರಾಕಿಗೆ ತಲೆ ಸರಿಯಿಲ್ಲ ಎಂದುಕೊಂಡನೋ ಏನೋ, ಚಟ್ನಿ ಹಾಕದೆಯೇ ಪಕ್ಕದ ಟೇಬಲಿಗೆ ಹೋದ. ಉಳಿದ ಅರ್ಧ ಇಡ್ಲಿಯನ್ನು ಬರಿದೇ ನುಂಗಿದೆ. ತಪ್ಪು ಅವನದಲ್ಲ. ನನ್ನ ಸಿಟ್ಟು ಬೇರೆಯವರ ಮೇಲಿನದು, ಹಳೆಯದು.

ನೀವು ಧಾರವಾಡದ ಕಡೆಯವರೋ ಮಂಗಳೂರಿನವರೋ ಆಗಿದ್ದರೆ ಈ ‘ಒಸಿ’ ನಿಮಗೆ ಗೊತ್ತಿರಲಿಕ್ಕಿಲ್ಲ. ಒಸಿ ಅಂದರೆ ಸ್ವಲ್ಪ, ಅಷ್ಟೇ. ಒಸಿ ತಡಿ, ಒಸಿ ಸರ್ಕೊ, ಸಾರಿಗೆ ಒಸಿ ಉಪ್ಪು ಕಮ್ಮಿ ಆಗೈತೆ. ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕಡೆ ಮಕ್ಕಳು ಅಮ್ಮ ಅಪ್ಪ ಅಂದ ಮೇಲೆ ಕಲಿಯುವ ಮಾತುಗಳಲ್ಲಿ ಇದೂ ಒಂದು. ಈ ಮಾತನ್ನು ಬೆಂಗಳೂರಿನ ಒಂದು ಕಂಪನಿ ತಾನೇ ಕಂಡುಹಿಡಿದೆ ಎಂದು ಪೇಟೆಂಟಿನ ಕಾಗದದಲ್ಲಿ ಬರೆದುಕೊಂಡಿತ್ತು ಅಂದರೆ ನಂಬುತ್ತೀರಾ? ಮರ್ಯಾದಸ್ಥರೊಬ್ಬರು ಆ ಮಾತಾಡಲು ಹೆದರಿ ಮೂರು ವರ್ಷ ಬಾಯಿ ಕಟ್ಟಿಕೊಂಡು ಕೂತಿದ್ದರು ಅಂದರೆ? ಅವರ ಹೆಸರು ಖಾದರ್ ಸಾಬ್ರು. ಅವರ ವಿಷಯವನ್ನೇ ನಿಮಗೆ ಹೇಳಬೇಕೆಂದು ಕೂತಿದ್ದೇನೆ.

ಎರಡು ಸಾವಿರದ ಇಸವಿ ಕಳೆದ ಹೊಸದು. ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದವು. ಕಂಪ್ಯೂಟರ್ ಕಲಿತ ಸರ್ಟಿಫಿಕೇಟು ಕೈಯಲ್ಲಿದ್ದರೆ ಕೆಲಸ ಗ್ಯಾರಂಟಿ ಎಂದು ಎಲ್ಲರೂ ನಂಬಿದ್ದ ಕಾಲ. ನಾನು ಸೋಲೂರಿನಿಂದ ಬಂದು ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯ ಹತ್ತಿರ, ಒಂದು ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಿದ್ದೆ. ಎರಡು ಕಂಪ್ಯೂಟರು, ಕಿರ್ರೋ ಅಂತ ಕಿರುಚುವ ಒಂದು ಪ್ರಿಂಟರು. ಬೋರ್ಡಿನಲ್ಲಿ ಮಾತ್ರ ‘ಇಂಟರ್‌ನ್ಯಾಷನಲ್’ ಎಂದು ಬರೆಸಿದ್ದೆ. ಊರವರು ನನ್ನನ್ನು ಕಂಪ್ಯೂಟರ್ ಮೇಷ್ಟ್ರು ಅನ್ನುತ್ತಿದ್ದರು. ಅದನ್ನು ಕೇಳಿದರೆ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಖಾದರ್ ಸಾಬ್ರು ರೀಲರು. ರೈತರಿಂದ ರೇಷ್ಮೆ ಗೂಡು ಕೊಂಡು, ಬೇಯಿಸಿ, ನೂಲು ತೆಗೆಯುವವರು. ಗೂಡು ಬೇಯಿಸುವುದು ನೋಡಿದಷ್ಟು ಸುಲಭವಲ್ಲ. ಕಡಿಮೆ ಬೆಂದರೆ ಎಳೆ ಬಿಚ್ಚದೆ ತುಂಡಾಗುತ್ತದೆ, ಹೆಚ್ಚು ಬೆಂದರೆ ಮುದ್ದೆಯಾಗುತ್ತದೆ. ಒಬ್ಬ ರೈತನ ಗೂಡಿಗೆ ಒಂದು ಹದ, ಇನ್ನೊಬ್ಬನದಕ್ಕೆ ಇನ್ನೊಂದು. ಸಾಬ್ರು ಬೆಳಿಗ್ಗೆ ಬಂದು ಆಕಾಶ ನೋಡುತ್ತಿದ್ದರು. ಆಮೇಲೆ ಒಂದೊಂದು ಲಾಟಿನಿಂದ, ಅಂದರೆ ಒಬ್ಬೊಬ್ಬ ರೈತನ ರಾಶಿಯಿಂದ, ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಹೆಬ್ಬೆರಳಿನಲ್ಲಿ ಒತ್ತುತ್ತಿದ್ದರು. “ಇದು ಒಸಿ ಮೆತ್ತಗೈತೆ.” ಕೆಲಸದ ಹೆಂಗಸರು, “ಒಸಿ ಅಂದ್ರೆ ಎಷ್ಟು ಸಾಬ್ರೇ?” ಎಂದು ಕೇಳುತ್ತಿದ್ದರು. ಸಾಬ್ರು ಬೆರಳು ತೋರಿಸುತ್ತಿದ್ದರು. ಎರಡು ಬೆರಳು, ಮೂರು ಬೆರಳು. ಐದಕ್ಕಿಂತ ಹೆಚ್ಚಿಲ್ಲ, ಇರುವುದೇ ಐದು ಬೆರಳಲ್ಲವೆ. ಹಾಗೆ ಅವರ ಕಾರ್ಖಾನೆಯಲ್ಲಿ ಒಸಿ ಎನ್ನುವುದು ಒಂದು ಅಳತೆಯೇ ಆಗಿಬಿಟ್ಟಿತ್ತು. ಮನೆಯಲ್ಲಿ ಹೆಂಡತಿಯ ಜೊತೆ ಉರ್ದು ಮಾತಾಡುವಾಗಲೂ, “ಒಸಿ ನರಮ್ ಹೈ” ಅನ್ನುತ್ತಿದ್ದರು, ಅಂದರೆ ಒಸಿ ಮೆತ್ತಗಿದೆ ಅಂತ.

ಮೋಡ ಕವಿದರೆ ನಿನ್ನೆ ಎರಡಿದ್ದ ಗೂಡಿಗೆ ಇವತ್ತು ಮೂರು ಹೇಳುತ್ತಿದ್ದರು. ಯಾಕೆ ಎಂದು ಕೇಳಿದರೆ, “ಹವಾ ಕುಡಿದದೆ” ಅನ್ನುತ್ತಿದ್ದರು. ಮೂವತ್ತು ವರ್ಷದ ಅನುಭವ. ಹೇಳಿದ ಮೇಲೆ ಹೇಳಿದ್ದೇ. ಬದಲಾಯಿಸಿದ್ದನ್ನು ನಾನು ನೋಡಿಲ್ಲ.

ಒಂದು ದಿನ ಅವರು ನನ್ನ ಕೋಣೆಯ ಮೆಟ್ಟಿಲು ಹತ್ತಿ ಬಂದು, “ಮೇಷ್ಟ್ರೇ, ನಾನು ಒಂದು ವಾರ ಮಗಳ ಮನೆಗೆ ಹೋದ್ರೆ ಇಲ್ಲಿ ಎಲ್ಲಾ ಎಡವಟ್ಟಾಗೋಯ್ತದೆ. ನಿಮ್ ಮಿಷನ್‌ಗೆ ಇದ್ನ ಕಲಿಸ್ಬೋದಾ?” ಅಂದರು. ಕಲಿಸಿದೆ. ಆರು ತಿಂಗಳು ಅವರ ಪಕ್ಕ ಮಣೆ ಹಾಕಿಕೊಂಡು ಕೂತು, ಅವರು ಹೇಳುವ ಒಸಿಯನ್ನೂ ಆ ಗೂಡು ಬೇಯಲು ಹಿಡಿಯುವ ಹೊತ್ತನ್ನೂ ಬರೆದುಕೊಂಡೆ. ಗೂಡು ಬೇಯುವ ಕಮಟು ವಾಸನೆ ಬಟ್ಟೆಗೆ ಹತ್ತಿ, ನನ್ನ ಹೆಂಡತಿ ನನಗೆ ಹಿತ್ತಲಲ್ಲಿ ಊಟ ಹಾಕುತ್ತೇನೆಂದು ಹೆದರಿಸಿದ್ದಳು. ಕೊನೆಗೆ ಪ್ರೋಗ್ರಾಮು ಆಯಿತು. ಪ್ರತಿ ಲಾಟಿನ ಒಸಿ ಎಷ್ಟು, ತೂಕ ಎಷ್ಟು, ಗೂಡು ಬಿಡಿಸಿ ಎಷ್ಟು ದಿನವಾಯಿತು ಎಂದು ತುಂಬಿದರೆ, ಯಾವ ಲಾಟನ್ನು ಎಷ್ಟು ಹೊತ್ತು ಬೇಯಿಸಬೇಕು, ಯಾವುದರ ಜೊತೆ ಯಾವುದನ್ನು ಸೇರಿಸಬಹುದು ಎಂದು ಚೀಟಿ ಬರುತ್ತಿತ್ತು. ಆಗಿನ ನನ್ನ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಹೀಗಾಗಿ ಆ ಕಾಲಮ್ಮಿನ ತಲೆಯ ಮೇಲೆ ಇಂಗ್ಲಿಷಿನಲ್ಲಿ ಓ, ಎಸ್, ಐ ಎಂದು ಹೊಡೆದೆ. ಬೇರೆ ಏನು ಹೊಡೆಯಲಿ? ಅದರ ಹೆಸರೇ ಒಸಿ.

ಸಾಬ್ರು ಅದನ್ನು ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ಹತ್ತು ಹನ್ನೆರಡು ಜನ ರೀಲರುಗಳು ತಮ್ಮ ಗೂಡನ್ನೂ ಅವರ ಕೈಗೆ ಕೊಟ್ಟು ಒಸಿ ಕೇಳಿಕೊಂಡು ನನ್ನ ಹತ್ತಿರ ಬರುತ್ತಿದ್ದರು. ದಿನಾ ಬೆಳಿಗ್ಗೆ ಚೀಟಿಯ ಒಂದು ಪ್ರತಿಯನ್ನು ಮಾರುಕಟ್ಟೆ ಎದುರಿನ ಟೀ ಅಂಗಡಿಯ ಕಂಬಕ್ಕೆ ಅಂಟಿಸುತ್ತಿದ್ದೆವು. ಅದರಲ್ಲಿ ತಾರೀಖು, ರೈತನ ಹೆಸರು, ಒಸಿ, ಎಲ್ಲ ಇರುತ್ತಿದ್ದವು.

ಇನ್ನು ಹೇಳಬೇಕಾದ್ದು ನನ್ನ ದಡ್ಡತನದ ವಿಷಯ. ಒಂದು ದಿನ ಕಾರಿನಲ್ಲಿ ಇಬ್ಬರು ಬಂದರು. ಇಬ್ಬರ ಕೊರಳಲ್ಲೂ ಟೈ. ರೇಷ್ಮೆ ಉದ್ಯಮಕ್ಕೆ ಸಾಫ್ಟ್‌ವೇರ್ ಮಾಡುವ ಕಂಪನಿಯವರಂತೆ. ನನ್ನ ಪ್ರೋಗ್ರಾಮು ನೋಡಿ, “ಬ್ರಿಲಿಯಂಟ್ ಸರ್” ಅಂದರು. ನನ್ನ ಜನ್ಮದಲ್ಲಿ ಆ ಮಾತನ್ನು ನನಗೆ ಹೇಳಿದ್ದು ಅವರೇ ಮೊದಲು. ಉಬ್ಬಿಹೋದೆ. ಕೆಳಗಿನಿಂದ ಟೀ ತರಿಸಿದೆ, ಮೆಣಸಿನಕಾಯಿ ಬಜ್ಜಿ ತರಿಸಿದೆ, ಅವರು ಕೇಳುವ ಮೊದಲೇ ಎಲ್ಲವನ್ನೂ ಒಂದು ಫ್ಲಾಪಿಗೆ ಹಾಕಿ, ಮೇಲೆ ಚೀಟಿ ಅಂಟಿಸಿ, ಮುದ್ದಾಗಿ ಹೆಸರು ಬರೆದು ಕೊಟ್ಟೆ. ಹೊಸ ವರ್ಷಕ್ಕೆ ಅವರಿಂದ ಒಂದು ಡೈರಿ ಬಂತು. ಅದರಲ್ಲಿ ಒಂದಕ್ಷರ ಬರೆಯದೆ ಮೂರು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಡೈರಿಯ ಮೂರನೆಯ ವರ್ಷ ನೋಟೀಸು ಬಂತು. ನನಗೊಂದು, ಖಾದರ್ ಸಾಬ್ರಿಗೊಂದು. ರೇಷ್ಮೆ ಗೂಡಿನ ಮೃದುತ್ವಕ್ಕೆ ದಿನದಿನದ ಅಂಕಿ ಕೊಟ್ಟು ಬೇಯಿಸುವ ಹೊತ್ತನ್ನು ಕಂಪ್ಯೂಟರಿನಿಂದ ಗೊತ್ತುಮಾಡುವ ವಿಧಾನ ತಮ್ಮ ಕಂಪನಿಯ ಪೇಟೆಂಟು, ನೀವಿಬ್ಬರೂ ಅದನ್ನು ಕದ್ದಿದ್ದೀರಿ, ಕೂಡಲೇ ನಿಲ್ಲಿಸಿ ಎಂದು. ಕದ್ದಿದ್ದೀರಿ! ಪೇಟೆಂಟಿನ ಪ್ರತಿ ತರಿಸಿ ಓದಿದೆ. ನಲವತ್ತು ಪುಟ. ಅದರ ನಡುವೆ ಒಂದು ಪಟ್ಟಿ, ಪಟ್ಟಿಯ ಮೂರನೆಯ ಕಾಲಮ್ಮಿನ ತಲೆಯ ಮೇಲೆ ಓ, ಎಸ್, ಐ. ಕೆಳಗೆ ವಿವರಣೆ: ಆಪ್ಟಿಮಮ್ ಸಾಫ್ಟ್‌ನೆಸ್ ಇಂಡೆಕ್ಸ್, ನಮ್ಮ ಸಂಶೋಧಕರು ರೂಪಿಸಿದ ಹೊಸ ಸೂಚ್ಯಂಕ.

ಕದ್ದ ಮಾತಿನ ಅರ್ಥವೂ ಗೊತ್ತಿಲ್ಲದ ಕಳ್ಳರು. ಕೇಳಿದ್ದರೆ ಬಜ್ಜಿಯ ಜೊತೆ ಅದನ್ನೂ ಹೇಳಿಕೊಡುತ್ತಿದ್ದೆನಲ್ಲ.

ಸಾಬ್ರ ಮುಂದೆ ಹೋಗಿ, ಫ್ಲಾಪಿ ಕೊಟ್ಟದ್ದು ನಾನೇ ಎಂದು ಒಪ್ಪಿಕೊಂಡೆ. ಬೈಯುತ್ತಾರೆ ಅಂದುಕೊಂಡಿದ್ದೆ. “ನನ್ ಹತ್ರಾನೂ ಬಂದಿದ್ರು ಮೇಷ್ಟ್ರೇ. ಗೂಡು ಹೆಂಗೆ ಹಿಡೀಬೇಕು, ಹೆಂಗೆ ಒತ್ಬೇಕು ಅಂತ ನಾನೇ ತೋರ್ಸಿದೀನಿ. ಕಲೀತೀನಿ ಅಂತ ಬಂದವ್ರಿಗೆ ಇಲ್ಲ ಅನ್ನೋಕಾಯ್ತದಾ?” ಅಂದರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು. “ನಾನು ಕಳ್ಳ ಅಂತ ಕಾಗದದಲ್ಲಿ ಬರ್ದವ್ರಾ?” ಇಲ್ಲವೆಂದು ಸುಳ್ಳು ಹೇಳಬೇಕೆನಿಸಿತು. ಆದರೆ ನೋಟೀಸು ಅವರ ಮುಂದೆಯೇ ಇತ್ತು.

ಮಾಗಡಿಯ ಸುಜಾತಾ ಎನ್ನುವ ವಕೀಲೆ ನಮ್ಮ ಕೇಸು ಹಿಡಿದರು. ನನ್ನಲ್ಲಿ ಟೈಪಿಂಗ್ ಕಲಿತವರು. ವಯಸ್ಸು ಚಿಕ್ಕದು, ನಾಲಿಗೆ ಚುರುಕು. ಬರೀ ಪ್ರೋಗ್ರಾಮಿಗೆ ನಮ್ಮ ದೇಶದಲ್ಲಿ ಪೇಟೆಂಟು ಕೊಡುವ ಹಾಗಿಲ್ಲವಂತೆ. ಅದಕ್ಕೇ ಆ ಜಾಣರು ‘ವ್ಯವಸ್ಥೆ ಮತ್ತು ವಿಧಾನ’ ಎಂದು ಬರೆದು ಒಳಗೆ ತೂರಿಸಿದ್ದರು. “ಅದನ್ನೂ ವಾದ ಮಾಡೋಣ ಸರ್. ಆದರೆ ಗಟ್ಟಿಯಾದ ದಾರಿ ಇನ್ನೊಂದಿದೆ, ಪ್ರಯರ್ ಆರ್ಟ್. ಅವರು ಅರ್ಜಿ ಹಾಕೋಕೆ ಮುಂಚೇನೇ ಇದು ನಾಲ್ಕು ಜನಕ್ಕೆ ಗೊತ್ತಿತ್ತು, ಬಳಕೆಯಲ್ಲಿತ್ತು ಅಂತ ತೋರಿಸಿಬಿಟ್ರೆ ಪೇಟೆಂಟೇ ಬಿದ್ದುಹೋಗುತ್ತೆ.”

“ಮೊದ್ಲಿಂದ ಇತ್ತು ಅಂತ ತಾನೇ? ನಾನು ಬಂದು ಹೇಳ್ತೀನಲ್ಲ” ಅಂದರು ಸಾಬ್ರು.

“ಹೇಳಿದ್ರೆ ಸಾಲದು ಸಾಬ್ರೇ. ತಾರೀಖು ಇರೋ ಕಾಗದ ಬೇಕು.”

ನನಗೆ ಇವತ್ತಿಗೂ ನುಂಗಲಾಗದ ಮಾತು ಇದು. ಮೂವತ್ತು ವರ್ಷದಿಂದ ಒಬ್ಬ ಮನುಷ್ಯನ ಹೆಬ್ಬೆರಳಿನಲ್ಲಿ ಇದ್ದದ್ದು ಸಾಕ್ಷಿಯಲ್ಲ, ಮೊಹರು ಬಿದ್ದ ಹಾಳೆ ಸಾಕ್ಷಿ! ಪೇಟೆಂಟು ರದ್ದು ಮಾಡಿ ಎಂದು ನಾವು ತಿರುಗಿ ದಾವೆ ಹಾಕಿದೆವು. ಮೊಕದ್ದಮೆ ಬೆಂಗಳೂರಿನ ದೊಡ್ಡ ಕೋರ್ಟಿಗೆ ಹೋಯಿತು. ಅಲ್ಲಿ ತೀರ್ಮಾನವಾಗುವವರೆಗೆ ಆ ವಿಧಾನವನ್ನು ಬಳಸಕೂಡದು ಎಂದು ಆದೇಶ ಬಂತು. ನಾನು ಪ್ರೋಗ್ರಾಮು ನಿಲ್ಲಿಸಿದೆ. ಕಂಬಕ್ಕೆ ಚೀಟಿ ಅಂಟಿಸುವುದು ನಿಂತಿತು.

ಸಾಬ್ರು ಅದಕ್ಕಿಂತ ಮುಂದೆ ಹೋದರು. ಗೂಡು ಮುಟ್ಟುವುದನ್ನೇ ಬಿಟ್ಟರು.

ಆದೇಶ ಕಂಪ್ಯೂಟರಿಗೆ ಮಾತ್ರ, ಕೈಗಲ್ಲ ಎಂದು ಹೇಳಿದೆ. ಸುಜಾತಾ ಮೇಡಂ ರಾಮನಗರಕ್ಕೇ ಬಂದು ಕೂತು ಹೇಳಿದರು. ಸಾಬ್ರು ಕೇಳಲಿಲ್ಲ. “ವಿಧಾನ ಅಂತ ಬರ್ದವ್ರೆ. ವಿಧಾನ ಅಂದ್ರೆ ಇದೇ ತಾನೇ?” ಎಂದು ಹೆಬ್ಬೆರಳು ಎತ್ತಿ ತೋರಿಸಿದರು. “ಜಡ್ಜ್ ಸಾಹೇಬ್ರು ಬ್ಯಾಡ ಅಂದ್ಮೇಲೆ ಬ್ಯಾಡ. ಕಳ್ಳ ಅಂತ ಒಂದ್ಸಲ ಅನ್ನಿಸ್ಕೊಂಡಿದ್ದು ಸಾಕು.” ಗೋಡೆ ಗಡಿಯಾರವೊಂದನ್ನು ತಂದು ಒಲೆಯ ಎದುರು ಹಾಕಿದರು. ಯಾರ ಗೂಡಾದರೂ ಒಂದೇ ಹೊತ್ತು ಬೇಯಬೇಕು. ಬೆಳಿಗ್ಗೆ ಬಂದು ಎರಡೂ ಕೈ ಹಿಂದೆ ಕಟ್ಟಿಕೊಂಡು ನೂಲು ತೆಗೆಯುವ ಬೇಸಿನ್ನುಗಳ ನಡುವೆ ಓಡಾಡುತ್ತಿದ್ದರು. ಎಳೆ ತುಂಡಾದಾಗ ಹೆಂಗಸರು ತಲೆಯೆತ್ತಿ ನೋಡುತ್ತಿದ್ದರು. ಸಾಬ್ರು ಗಡಿಯಾರ ನೋಡುತ್ತಿದ್ದರು. ಒಸಿ ಅನ್ನುವ ಮಾತನ್ನೇ ಬಾಯಿಂದ ತೆಗೆಯಲಿಲ್ಲ. ಟೀ ಅಂಗಡಿಯಲ್ಲಿ ಕೂಡ “ಥೋಡಾ ಸಕ್ಕರೆ” ಅನ್ನುತ್ತಿದ್ದರು.

ನಾನು ಕಾಗದ ಹುಡುಕತೊಡಗಿದೆ. ಫ್ಲಾಪಿಗಳಿಗೆ ಬೂಷ್ಟು ಹಿಡಿದಿತ್ತು. ಕಂಬಕ್ಕೆ ಅಂಟಿಸಿದ ಚೀಟಿಗಳು ಬಿಸಿಲಿಗೆ ಮಳೆಗೆ ಹೋಗಿದ್ದವು. ರೀಲರುಗಳ ಮನೆಮನೆಗೆ ಅಲೆದೆ. ಹಬೆಗೆ ನೆಂದು ಅಕ್ಷರವೇ ಅಳಿಸಿದ ಚೂರುಗಳು ಸಿಕ್ಕವು, ತಾರೀಖು ಸಿಗಲಿಲ್ಲ. ಹೀಗೇ ಎರಡು ಮಳೆಗಾಲ ಕಳೆದವು. ಆಗ ಟೀ ಅಂಗಡಿಯವನು ನಗುತ್ತಾ ಒಂದು ಮಾತು ಹೇಳಿದ. “ನಿಮ್ ಚೀಟಿ ಕಿತ್ಕೊಂಡು ಕುಣ್ದಾಡಿದ್ನಲ್ಲ ಸಾತನೂರು ಪುಟ್ಟಸ್ವಾಮಿ, ಅವುನ್ನ ಕೇಳಿದ್ರಾ? ಕಂಪ್ಲೇಂಟ್ ಕೊಟ್ಟಿದ್ದ ಕಣ್ರಿ.”

ನೆನಪಾಯಿತು. ಪುಟ್ಟಸ್ವಾಮಿಯವರು ಸಾತನೂರಿನ ಕಡೆಯ ರೈತರು. ಅವರ ಗೂಡಿಗೆ ಸಾಬ್ರು ಒಂದು ದಿನ ಒಸಿ ಐದು, ಅಂದರೆ ತೀರಾ ಮೆತ್ತಗೆ ಎಂದು, ಕೊಟ್ಟಿದ್ದರು. ಅವರ ಹೆಸರಿನ ಮುಂದೆ ಅದು ಕಂಬದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬಿತ್ತು. ಮಾರುಕಟ್ಟೆಯವರೆಲ್ಲ ನಕ್ಕರು. ಪುಟ್ಟಸ್ವಾಮಿ ಚೀಟಿಯನ್ನು ಕಿತ್ತುಕೊಂಡು, ದೂರು ಬರೆದು, ಆ ಚೀಟಿಯನ್ನು ಅದಕ್ಕೆ ಗುಂಡುಸೂಜಿಯಿಂದ ಚುಚ್ಚಿ, ಮಾರುಕಟ್ಟೆ ಕಚೇರಿಗೆ ಕೊಟ್ಟಿದ್ದರು. ನಾನೂ ಸಾಬ್ರೂ ಕನಕಪುರದಲ್ಲಿ ಬಸ್ಸು ಬದಲಾಯಿಸಿ ಸಾತನೂರಿಗೆ ಹೋದೆವು.

ಪುಟ್ಟಸ್ವಾಮಿ ಜಗಲಿಯ ಮೇಲೆ ಕೂತಿದ್ದವರು ಎದ್ದೇಳಲಿಲ್ಲ. ವಿಷಯ ಪೂರ್ತಿ ಕೇಳಿಸಿಕೊಂಡರು. “ಕಾಗದ ಐತೆ. ಕಚೇರಿಯವ್ರು ಗುಂಡು ಮೊಹರು ಹೊಡ್ದು ವಾಪಸ್ ಕೊಟ್ಟವ್ರೆ, ಚೀಟಿ, ತಾರೀಖು ಎಲ್ಲಾ ಐತೆ. ಕೊಡ್ತೀನಿ. ಆದ್ರೆ ಅವತ್ತು ನನ್ ಗೂಡ್ನ ಮೆತ್ಗೆ ಅಂದಿದ್ದು ತಪ್ಪು ಅಂತ ಸಾಬ್ರು ಒಪ್ಕಳ್ಲಿ.”

ನಾನು ಸಾಬ್ರ ತೊಡೆ ಚಿವುಟಿದೆ. ಒಂದು ಮಾತು, ಒಪ್ಪಿಕೊಂಡರೆ ಕೇಸು ಗೆದ್ದ ಹಾಗೆ. ಸಾಬ್ರು ಮಾತ್ರ, “ಪುಟ್ಟಸ್ವಾಮಿಯವ್ರೇ, ನಿಮ್ ಕಾಲು ಬೇಕಾದ್ರೆ ಹಿಡೀತೀನಿ. ಆದ್ರೆ ಅವು ಮೆತ್ತಗೇ ಇದ್ದವು” ಅಂದರು. ನನಗೆ ಅವರನ್ನು ಅಲ್ಲೇ ಬಿಟ್ಟು ಎದ್ದು ಹೋಗುವಷ್ಟು ಸಿಟ್ಟು ಬಂತು.

ಪುಟ್ಟಸ್ವಾಮಿ ಒಳಗೆ ಹೋದರು. ಬಾಗಿಲು ಹಾಕಿಕೊಂಡರು ಎಂದೇ ತಿಳಿದೆ. ಬರುವಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರಿತ್ತು. “ಅವು ಮೆತ್ಗೇನೇ ಇದ್ವು ಕಣ್ರಿ. ಹುಳಕ್ಕೆ ಹಾಕೋ ಸೊಪ್ಪು ನೆಂದೋಗಿತ್ತು ಆ ಸಲ. ಅದು ನಂಗೊತ್ತಿಲ್ವಾ? ಬಾಯಲ್ಲಿ ಅಂದಿದ್ರೆ ಅನ್ನಿಸ್ಕೊತಿದ್ದೆ. ಕಂಬದ ಮೇಲೆ ನನ್ ಹೆಸ್ರು ಮುಂದೆ ಬರೀಬಾರ್ದಿತ್ತು” ಎಂದು ಕವರನ್ನು ಸಾಬ್ರ ಕೈಗಿಟ್ಟರು. ಬರೆದದ್ದು ನಾನು. ಆ ತಪ್ಪನ್ನು ನಾನು ಒಪ್ಪಿಕೊಂಡೆ, ತಡವಾಗಿ. ಅವರ ಮನೆಯಲ್ಲೇ ಮುದ್ದೆ ಉಂಡು ಬಂದೆವು. ಆ ಕಾಗದದ ತಾರೀಖು ಕಂಪನಿಯವರ ಅರ್ಜಿಗಿಂತ ಎರಡು ವರ್ಷ ಹಿಂದಿನದು.

ಕೋರ್ಟಿನಲ್ಲಿ ಕಂಪನಿಯ ತಜ್ಞರು ಕಟಕಟೆಗೆ ಬಂದು, ಓಎಸ್ಐ ಎಂಬ ಹೆಸರು ತಮ್ಮ ತಂಡ ಬಹಳ ಯೋಚಿಸಿ ಇಟ್ಟದ್ದು ಎಂದು ಪ್ರಮಾಣ ಮಾಡಿ ಹೇಳಿದರು. ನಮ್ಮ ಸುಜಾತಾ ಮೇಡಂ ಅದನ್ನು ಎರಡೆರಡು ಸಲ ಹೇಳಿಸಿದರು. ಆಮೇಲೆ ದೂರಿನ ಕಾಗದ ಮುಂದಿಟ್ಟು ಪುಟ್ಟಸ್ವಾಮಿಯವರನ್ನು ಕರೆಸಿದರು. ಜಡ್ಜು ಉತ್ತರ ಕರ್ನಾಟಕದವರು. “ಈ ಒಸಿ ಅಂದ್ರೇನ್ರೀ?” ಎಂದು ಕೇಳಿದರು.

“ಒಸಿ ಅಂದ್ರೆ ಒಸಿ ಸ್ವಾಮಿ.”

“ಅಂದ್ರ?”

“ಇನ್ನೊಸಿ ಮುದ್ದೆ ಹಾಕು ಅಂತೀವಲ್ಲ, ಆ ಒಸಿ.”

“ಹಂಗಂದ್ರ ತುಸು ಅನ್ರಿ” ಎಂದು ಜಡ್ಜು ನಕ್ಕರು. ಎಲ್ಲರೂ ನಕ್ಕರು. ಟೈ ಕಟ್ಟಿದ್ದ ಇಬ್ಬರು ಮಾತ್ರ ತಮ್ಮ ಕಾಗದಗಳನ್ನು ನೋಡುತ್ತಾ ಕೂತಿದ್ದರು. ನಾನು ನಗಲಿಲ್ಲ. ನಾಲ್ಕು ಜನ ಕೂತು ನಗುವಷ್ಟು ಸುಲಭದ ಸತ್ಯಕ್ಕೆ ನಾವು ಮೂರು ವರ್ಷ ಅಲೆದಿದ್ದೆವು. ಮತ್ತು ಆ ದಿನ ಕೋರ್ಟಿನಲ್ಲಿ ಯಾರೂ ಖಾದರ್ ಸಾಬ್ರನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವರು ಹಿಂದಿನ ಬೆಂಚಿನಲ್ಲಿ ಟೋಪಿ ಸರಿಮಾಡಿಕೊಳ್ಳುತ್ತಾ ಕೂತೇ ಇದ್ದರು.

ಪೇಟೆಂಟು ರದ್ದಾಯಿತು. ಇದು ಮೊದಲೇ ಸಾರ್ವಜನಿಕವಾಗಿ ಬಳಕೆಯಲ್ಲಿತ್ತು, ಹೊಸದೇನಲ್ಲ ಎಂದು ತೀರ್ಪಿನಲ್ಲಿ ಬರೆದಿತ್ತು. ಕಂಪನಿಯವರು ಕ್ಷಮೆ ಕೇಳಲಿಲ್ಲ, ಕೇಳುತ್ತಾರೆಂದು ನಾನೂ ಕಾಯಲಿಲ್ಲ. ಮರುದಿನ ಬೆಳಿಗ್ಗೆ ತೀರ್ಪಿನ ಪ್ರತಿ ಹಿಡಿದು ಸಾಬ್ರ ಕಾರ್ಖಾನೆಗೆ ಓಡಿದೆ. ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಓದಿ ಹೇಳಿದೆ.

“ಹಂಗಾದ್ರೆ ಹೇಳ್ಬೋದಾ?” ಅಂದರು.

“ಈಗ್ಲೇ ಹೇಳಿ ಸಾಬ್ರೇ.”

ಹೆಂಗಸರು ಕೈಕೆಲಸ ಬಿಟ್ಟು ಎದ್ದು ನಿಂತರು. ಸಾಬ್ರು ಆಕಾಶ ನೋಡಿದರು. ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು, ಹೆಬ್ಬೆರಳಿನಲ್ಲಿ ಒತ್ತಿದರು. ಮತ್ತೊಂದು ಸಲ ಒತ್ತಿದರು. ಅದನ್ನಿಟ್ಟು ಇನ್ನೊಂದು ತೆಗೆದುಕೊಂಡರು. ನೀರು ಕುದಿಯುತ್ತಿತ್ತು. ನನ್ನ ಮುಖ ನೋಡಿದರು, ಹೆಂಗಸರ ಮುಖ ನೋಡಿದರು. ಎರಡು ಬೆರಳು ಎತ್ತಿದರು. ಆಮೇಲೆ ಮೂರನೆಯದನ್ನು ಅರ್ಧ ಎತ್ತಿ, ಮಡಿಸಿದರು.

“ಒಸಿ... ಎರಡು” ಅಂದರು. “ಎರಡಿರಬಹುದು.”

ಅಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಆ ‘ಇರಬಹುದು’ ಕೇಳಿದ್ದು ಅದೇ ಮೊದಲು. ಒಬ್ಬಾಕೆ ಮೆಲ್ಲನೆ ಗಡಿಯಾರದ ಕಡೆ ತಿರುಗಿದಳು. ಅವಳು ತಿರುಗಿದ್ದನ್ನು ಸಾಬ್ರೂ ನೋಡಿದರು.

ಗೂಡು ಕೊಳ್ಳುವುದನ್ನು ಸಾಬ್ರು ಮುಂದಿನ ವರ್ಷ ನಿಲ್ಲಿಸಿದರು. ಈಗ ಮಗಳ ಮನೆಯಲ್ಲಿದ್ದಾರೆ, ಆರೋಗ್ಯವಾಗಿದ್ದಾರೆ, ಫೋನು ಮಾಡಿದರೆ ನನ್ನ ಹೆಂಡತಿಯನ್ನು ವಿಚಾರಿಸುತ್ತಾರೆ. ಗೂಡಿನ ಮಾತು ಎತ್ತುವುದಿಲ್ಲ. ಸುಜಾತಾ ಮೇಡಂ ನಮ್ಮ ಕೇಸಿನ ವಿಷಯವನ್ನು ಈಗ ಕಾನೂನು ವಿದ್ಯಾರ್ಥಿಗಳಿಗೆ ಹೇಳುತ್ತಾರಂತೆ. ಆ ಹುಡುಗ ಹುಡುಗಿಯರು ಕೆಲವೊಮ್ಮೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಇಷ್ಟು ಹೊತ್ತು ನಿಮಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳುತ್ತೇನೆ, ಇದೇ ಸಿಟ್ಟಿನಲ್ಲಿ. ಮೊದಲೆಲ್ಲ ಅವರು ಎದ್ದು ಹೋಗುವಾಗ ಬೆನ್ನು ತಟ್ಟಿಸಿಕೊಳ್ಳಲು ಕಾಯುತ್ತಿದ್ದೆ. ಈಗ ಆ ಆಸೆ ಹೋಗಿದೆ. “ಅಂತೂ ನೀವು ಗೆದ್ರಿ ಅಲ್ವಾ ಸರ್?” ಎಂದು ಅವರು ಕೇಳಿದಾಗ, ನಾನೂ ಸಾಬ್ರ ಹಾಗೆಯೇ, “ಇರಬಹುದು” ಅನ್ನುತ್ತೇನೆ.